ಕಡಲ ಹೂವಿನ ಊಟ, ಭಟ್ಟರ ನೋಟ

ಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟು ಅದರಲ್ಲಿ ಹವಳ, ಕಡಲ ಹೂವು ಬೆಳೆಸುವವರಿಗೆ ದೀಪ ಕಟ್ಟಿಕೊಡುವುದು ನನ್ನ ಕಸುಬಾಗಿತ್ತು. ಈಗ ಬಿಟ್ಟಿದ್ದೇನೆ. ಆದರೂ ಈ ಕೆಲಸಕ್ಕೆ ಹೊಸದಾಗಿ ಇಳಿದವರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಇಲ್ಲೇ ಠಾಣೆ ಕಡೆ ಹುಟ್ಟಿ ಬೆಳೆದ ನಮ್ಮ ಊರಿನವರ ಮಕ್ಕಳು. ನನ್ನ ಕನ್ನಡ ಅವರಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. 'ಅಂಕಲ್, ಬೆಸ್ಟ್ ಲೈಟ್ ಕೌನ್‌ಸಾ?' ಎಂದು ಕೇಳುತ್ತಾರೆ. ಡಾಕ್ಟರರ ಹತ್ತಿರ ಹೋಗಿ ಯಾವ ಮಾತ್ರೆ ಒಳ್ಳೆಯದು ಎಂದು ಕೇಳಿದ ಹಾಗೆ. ಯಾರಿಗೆ, ಎಂಥ ಕಾಯಿಲೆಗೆ ಎಂದು ಗೊತ್ತಿಲ್ಲದೆ ಏನು ಹೇಳುವುದು? ನಾನು ಚಹಾ ಕುಡಿಸಿ ಕಳಿಸುತ್ತೇನೆ. ಅವರು ಹೋದ ಮೇಲೆ, ಹೇಳಬೇಕಾದ್ದನ್ನು ಹೇಳಲಿಲ್ಲವಲ್ಲ ಎಂದು ಬೇಸರವಾಗುತ್ತದೆ.

ಅದಕ್ಕೇ ಬರೆಯಲು ಕೂತಿದ್ದೇನೆ. ಅಂಗಡಿ ಯಾವಾಗ ನನ್ನದಾಯಿತು, ಯಾರು ಶಾಲು ಹೊದಿಸಿದರು ಎಂಬ ಮಾತೆಲ್ಲ ಇಲ್ಲಿ ಬೇಡ. ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ಹಾಳಾದ ಕೆಲಸಗಳ ಬಗ್ಗೆಯೇ ಬರೆಯುತ್ತೇನೆ. ಅವುಗಳಲ್ಲಿ ಒಂದು ಡೊಂಬಿವಲಿಯ ಶ್ರೀಪತಿ ಭಟ್ಟರ ತೊಟ್ಟಿ. ಆ ಮನೆಯಲ್ಲಿ ಒಂದೇ ದೀಪ ಕಡಲ ಹೂವಿಗೆ ಊಟವೂ ಆಗಬೇಕಿತ್ತು, ಕಣ್ಣು ಹೋಗುತ್ತಿದ್ದ ಭಟ್ಟರಿಗೆ ನೋಟವೂ ಆಗಬೇಕಿತ್ತು. ನನ್ನಿಂದ ಎರಡೂ ಆಗಲಿಲ್ಲ.

ನಮ್ಮದು ಮಲ್ಪೆ ಕಡೆಯ ಮೀನು ಹಿಡಿಯುವವರ ಮನೆ. ಅಜ್ಜ ಮತ್ತು ಅಪ್ಪ ಮೀನನ್ನು ನೀರಿನಿಂದ ಹೊರಗೆ ತೆಗೆದು ಬದುಕಿದರು. ನಾನು ಅದನ್ನು ನೀರಿನೊಳಗೆ ಇಟ್ಟು ಬದುಕಿದೆ. ಅಮ್ಮನಿಗೆ ಕೊನೆಯವರೆಗೂ ನನ್ನ ಕೆಲಸದ ತಲೆಬುಡ ಅರ್ಥವಾಗಲಿಲ್ಲ. 'ಮೀನು ಸಾಯದ ಹಾಗೆ ನೋಡಿಕೊಳ್ಳಲಿಕ್ಕೆ ನಿನ್ನನ್ನು ಕರೀತಾರಾ? ಅವರಿಗೆ ಮರುಳಾ?' ಎಂದು ಕೇಳುತ್ತಿದ್ದರು. ನಾನು ಕಲಿತದ್ದು ವಯರಿಂಗ್. ಠಾಣೆಗೆ ಬಂದು ನಮ್ಮ ಊರಿನವರ ಹೋಟೆಲುಗಳಲ್ಲಿ ಟ್ಯೂಬ್‌ಲೈಟ್, ಫ್ಯಾನ್ ಜೋಡಿಸುತ್ತಿದ್ದವನನ್ನು ವರ್ತಕ ನಗರದ ಮೀನಿನ ತೊಟ್ಟಿಯ ಅಂಗಡಿಯವರೊಬ್ಬರು ಕೆಲಸಕ್ಕೆ ಕರೆದುಕೊಂಡರು. ಅವರನ್ನು ಎಲ್ಲರೂ ಶೇಠ್ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ.

ಶೇಠ್ ಬಾಯಿ ಬಿಟ್ಟರೆ ಬೈಗುಳ. ಆದರೆ ಕೆಲಸ ಗೊತ್ತಿದ್ದ ಮನುಷ್ಯ. ಮೊದಲ ದಿನವೇ, 'ಮಛಲಿ ಮರೇಗಾ ತೊ ಗಿರಾಕ್ ದೂಸ್ರಾ ಲೇಗಾ, ಲೈಟ್ ಮರೇಗಾ ತೊ ಮೇರೆಕೊ ಗಾಲಿ ದೇಗಾ' ಎಂದರು. ಮೀನು ಸತ್ತರೆ ಗಿರಾಕಿ ಇನ್ನೊಂದು ಕೊಳ್ಳುತ್ತಾನೆ, ದೀಪ ಸತ್ತರೆ ತನ್ನನ್ನು ಬೈಯುತ್ತಾನೆ ಎಂಬ ಲೆಕ್ಕಾಚಾರ. ಸಿಹಿನೀರಿನ ಮೀನಿನ ಕಾಲಕ್ಕೆ ಅದು ಸರಿಯೇ ಇತ್ತು. ಗೋಲ್ಡ್‌ಫಿಶ್‌ಗೆ ದೀಪ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಅಲ್ಲಿ ದೀಪ ಇರುವುದು ನಮ್ಮ ಚಂದಕ್ಕೆ. ಕಡಲಿನ ತೊಟ್ಟಿ ಬಂದ ಮೇಲೆ ಆ ಮಾತು ತಿರುಗಿತು. ಅಲ್ಲಿ ದೀಪ ಸತ್ತರೆ ಒಳಗಿನದೂ ಸಾಯುತ್ತದೆ.

ಯಾಕೆ ಎಂಬುದನ್ನು ಹೊಸಬರು ಸರಿಯಾಗಿ ತಿಳಿದುಕೊಳ್ಳಬೇಕು. ಹವಳವಾಗಲಿ ಕಡಲ ಹೂವಾಗಲಿ ಗಿಡ ಅಲ್ಲ, ಪ್ರಾಣಿ. ಕೂತಲ್ಲೇ ಕೂರುವ ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮನೆ ಮಾಡಿಕೊಂಡಿರುತ್ತದೆ. ಬೆಳಕು ಬಿದ್ದರೆ ಆ ಪಾಚಿ ಅಡುಗೆ ಮಾಡುತ್ತದೆ, ಮಾಡಿದ್ದರಲ್ಲಿ ಹೆಚ್ಚಿನದನ್ನು ಮನೆಯ ಯಜಮಾನನಿಗೆ ಬಡಿಸುತ್ತದೆ. ಬೆಳಕು ಕಡಿಮೆಯಾದರೆ ಉಪವಾಸ. ಅತಿಯಾದರೆ ಪಾಚಿಯೇ ಮನೆ ಬಿಟ್ಟು ಹೋಗುತ್ತದೆ, ಯಜಮಾನ ಬಿಳಿಚಿಕೊಳ್ಳುತ್ತಾನೆ. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ನಮ್ಮಲ್ಲಿ ಗಾದೆ ಇದೆಯಲ್ಲ, ನಮ್ಮ ಕಸುಬಿನ ಕಷ್ಟವೆಲ್ಲ ಅದರಲ್ಲೇ ಇದೆ. ಊಟ ಹೂವಿನದು, ನೋಟ ಮನೆಯವರದು, ದೀಪ ಮಾತ್ರ ಒಂದೇ. ದೀಪ ಆಯ್ಕೆ ಮಾಡುವಾಗ ಗಿರಾಕಿಗಳೆಲ್ಲ ನೋಟದ ಬಗ್ಗೆ ಮಾತಾಡುತ್ತಾರೆ. ಊಟದ ಬಗ್ಗೆ ಮಾತಾಡಬೇಕಾದವರು ನಾವು.

ಕಲ್ಯಾಣದಲ್ಲಿ ಚಿನ್ನದ ಅಂಗಡಿಯವರೊಬ್ಬರಿದ್ದರು. ತಮ್ಮ ಅಂಗಡಿಯ ಗಾಜಿನ ಕಪಾಟಿಗೆ ಹಾಕುವ ಹಳದಿ ದೀಪವನ್ನೇ ತೊಟ್ಟಿಗೂ ಹಾಕಬೇಕೆಂದು ಹಟ ಹಿಡಿದರು. 'ಅರೇ, ಹ್ಯಾಚ್ಯಾತ್ ಸಗಳಂ ಸೋನ್ಯಾಸಾರಖಂ ದಿಸತಂ' ಎಂದರು, ಇದರಲ್ಲಿ ಎಲ್ಲವೂ ಬಂಗಾರದ ಹಾಗೆ ಕಾಣುತ್ತದಂತೆ. ಕಂಡದ್ದೂ ನಿಜ. ಕೆಲವೇ ವಾರಗಳಲ್ಲಿ ಕಲ್ಲುಗಳ ಮೇಲೆ ಕಂದು ಪಾಚಿ ಕಂಬಳಿ ಹೊದ್ದುಕೊಂಡಿತು, ಹವಳ ಅದರಡಿ ಸಿಕ್ಕಿ ಸತ್ತಿತು. ನಾನು ಬಿಳಿ ಮತ್ತು ನೀಲಿ ಟ್ಯೂಬುಗಳನ್ನು ಜೋಡಿಯಾಗಿ ಹಾಕಬೇಕು ಎಂದು ಹೇಳಿದ್ದೆ. ಒಮ್ಮೆ ಹೇಳಿ ಸುಮ್ಮನಾಗಿದ್ದೆ. ಗಿರಾಕಿ ದೊಡ್ಡವನಾದರೆ ನಮ್ಮ ದನಿ ತಾನಾಗಿ ಸಣ್ಣದಾಗುತ್ತದೆ.

ಆಮೇಲೆ ಮೆಟಲ್ ಹಾಲೈಡ್ ದೀಪ ಬಂತು. ಪೆಟ್ರೋಲ್ ಪಂಪಿನಲ್ಲಿ, ಮೈದಾನದಲ್ಲಿ ಉರಿಯುವ ಜಾತಿಯದು. ಉರಿದರೆ ಮಧ್ಯಾಹ್ನದ ಬಿಸಿಲು, ನೀರಿನ ತಳದಲ್ಲಿ ಬೆಳಕಿನ ಗೆರೆಗಳು ಕುಣಿಯುತ್ತಿದ್ದವು. ಮಲ್ಪೆಯಲ್ಲಿ ಅಪ್ಪನ ದೋಣಿಯಿಂದ ಬಗ್ಗಿ ನೋಡಿದರೆ ಕಾಣುತ್ತಿದ್ದದ್ದು ಹಾಗೆಯೇ. ಆದರೆ ಅದು ಕೊಡುವ ಕಾವು ಅಷ್ಟಿಷ್ಟಲ್ಲ. ನೀರು ಬಿಸಿಯಾಗುತ್ತದೆ, ಮನೆ ಬಿಸಿಯಾಗುತ್ತದೆ, ಕರೆಂಟ್ ಬಿಲ್ ನೋಡಿದ ಯಜಮಾನನ ತಲೆ ಬಿಸಿಯಾಗುತ್ತದೆ. ಕಳಂಬೋಲಿಯ ಕಬ್ಬಿಣದ ವ್ಯಾಪಾರಿಯೊಬ್ಬರು, ನಾನು ಅವರಲ್ಲೇ ದೀಪ ತೂಗಿಸುವ ಆ್ಯಂಗಲ್ ಕೊಳ್ಳುತ್ತಿದ್ದವನು, ನನ್ನ ಕೈಯಿಂದ ಇಂಥ ದೀಪ ಕಟ್ಟಿಸಿಕೊಂಡರು. 'ಸಬ್‌ಸೆ ಭಾರಿ ವಾಲಾ ಲಗಾ' ಎಂದರು. ಕಬ್ಬಿಣದ ಹಾಗೆ ಬೆಳಕನ್ನೂ ತೂಕದಲ್ಲಿ ಅಳೆಯುವವರು. ಮೊದಮೊದಲು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಉರಿಸಿ, ಆಮೇಲೆ ಹೆಚ್ಚಿಸಿ ಎಂದು ಹೇಳಿ ಬಂದೆ. ಹೊಸ ಸೊಸೆಗೆ ಮೊದಲ ದಿನವೇ ಇಡೀ ಅಡುಗೆಮನೆ ವಹಿಸಿದರೆ ಓಡಿಹೋಗುತ್ತಾಳೆ ಎಂದು ನಗಿಸಿಯೂ ಹೇಳಿದೆ. ನಕ್ಕರು, ಕೇಳಲಿಲ್ಲ. ಒಂದು ದಿನ ಫೋನ್ ಮಾಡಿ, 'ಕ್ಯಾ ಬಾತ್ ಹೈ ಸದಾನಂದ, ಪೂರಾ ಸಂಗಮರಮರ್ ಜೈಸಾ ಸಫೇದ್ ಹೋ ಗಯಾ' ಎಂದು ಹೊಗಳಿದರು. ಹವಳ ಅಮೃತಶಿಲೆಯ ಹಾಗೆ ಬೆಳ್ಳಗಾಗಿದೆ ಎಂದು ಅವರಿಗೆ ಹಿಗ್ಗು. ಅದು ಸಾಯುವ ಬಿಳುಪು ಎಂದು ಹೇಳಲು ಹೋದರೆ ನಂಬಲೇ ಇಲ್ಲ. ಗೆಳೆಯರನ್ನು ಕರೆದು ತೋರಿಸಿದರಂತೆ.

ಇವನ್ನೆಲ್ಲ ಈಗ ನಗುತ್ತಾ ಹೇಳಬಹುದು. ಭಟ್ಟರದು ಹಾಗಲ್ಲ.

ಶ್ರೀಪತಿ ಭಟ್ಟರು ಉಡುಪಿ ಕಡೆಯವರು. ಡೊಂಬಿವಲಿ ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ ಅವರ ಸಸ್ಯಾಹಾರಿ ಹೋಟೆಲು, ಹಿಂದಿನ ಬೀದಿಯಲ್ಲಿ ಮನೆ. ಮಕ್ಕಳಿಲ್ಲ. ಗಂಡ, ಹೆಂಡತಿ ಇಬ್ಬರೇ. ಕಣ್ಣಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಒಂದು ಕಡಲಿನ ತೊಟ್ಟಿ ಕಂಡು, ಅದರ ಮುಂದಿನಿಂದ ಏಳಲಾರದೆ ತಮ್ಮ ಸರದಿಯನ್ನೇ ತಪ್ಪಿಸಿಕೊಂಡವರು. ಆಗಿನ್ನೂ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿರಲಿಲ್ಲ, ಸುಮ್ಮನೆ ತೋರಿಸಿಕೊಳ್ಳಲು ಹೋಗಿದ್ದರು. ಆ ತೊಟ್ಟಿಯ ದೀಪ ನನ್ನದು ಎಂದು ತಿಳಿದು ಫೋನ್ ಮಾಡಿದರು.

ಮನೆಗೆ ಹೋದ ದಿನ ಅವರ ಹೆಂಡತಿ ಯಶೋದಮ್ಮ ಕಾಫಿ ಕೊಟ್ಟು ಒಳಗೆ ಹೋದರು. ಕುಡಿದು, ಇಂಥ ಮನೆಗಳಲ್ಲಿ ನಮ್ಮವರ ರೂಢಿಯಂತೆ, ಲೋಟ ತೊಳೆದಿಡಲು ಎದ್ದೆ. ಒಳಗಿನಿಂದಲೇ, 'ಅಲ್ಲೇ ಇಡಿ ಮಾರಾಯ್ರೆ, ನೀವೆಂತ ತೊಳೆಯುವುದು' ಎಂದರು. ಆ ಮಾತನ್ನು ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು. ಭಟ್ಟರು ನನ್ನನ್ನು ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಕರೆದು ಬಾಗಿಲು ಎಳೆದುಕೊಂಡರು.

'ನೋಡು ಸದಾನಂದ, ಒಂದು ಮಾತು ಮೊದಲೇ ಹೇಳ್ತೇನೆ. ಇವಳದ್ದು ಮಡಿ ಜೋರು. ಮೀನು ನೀರಲ್ಲಿ ಈಜಿದರೆ ಅಡ್ಡಿಯಿಲ್ಲ. ಹಾಕ್ಲಿಕ್ಕೆ ಡಬ್ಬಿಯ ಕಾಳು ಮಾತ್ರ. ಸಿಗಡಿ, ಗಿಗಡಿ ಅಂತ ಇವಳ ಎದುರು ಹೆಸರೂ ಎತ್ತಬೇಡ.'

'ಇಲ್ಲ ಭಟ್ರೇ' ಎಂದೆ. ಎತ್ತುವುದುಂಟೇ! ಮೀನುಗಾರರ ಮನೆಯವನು ಭಟ್ಟರ ಮನೆಯೊಳಗೆ ನಿಂತು ಸಿಗಡಿಯ ಮಾತಾಡುವುದೆಂದರೆ ನನ್ನ ನಾಲಿಗೆಯೇ ಏಳುತ್ತಿರಲಿಲ್ಲ. ಇಂಥ ಸಂಕೋಚವನ್ನು ನಮಗೆ ಯಾರೂ ಕೂರಿಸಿ ಕಲಿಸುವುದಿಲ್ಲ, ಹುಟ್ಟುತ್ತಲೇ ಬಂದಿರುತ್ತದೆ.

ಭಟ್ಟರಿಗೆ ಬೇಕಾದದ್ದು ಕಡಲ ಹೂವು ಮತ್ತು ಅದರೊಳಗೆ ಮನೆ ಮಾಡುವ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಜೋಡಿ ಮೀನು. ಕಡಲ ಹೂವು ಎಂದರೆ ತಟ್ಟೆಯಗಲದ ಪ್ರಾಣಿ, ಮೈತುಂಬ ಬೆರಳುಗಳು, ಒಳ್ಳೆಯ ಬೆಳಕಿನಲ್ಲಿ ತುದಿಗಳು ಎಳೆಯ ಬಾಳೆಲೆಯ ಹಸಿರಿಗೆ ತಿರುಗುತ್ತವೆ. ಉಳಿದವರು ಅದಕ್ಕೆ ಬೆಳಕಿನ ಜೊತೆಗೆ ಆಗಾಗ ಒಂದು ಚೂರು ಸಿಗಡಿಯನ್ನೂ ಇಕ್ಕಳದಲ್ಲಿ ಹಿಡಿದು ತಿನ್ನಿಸುತ್ತಾರೆ. ಬೆಳಕು ಸ್ವಲ್ಪ ಕಡಿಮೆಯಾದರೂ ಆ ಚೂರು ಅದನ್ನು ಹಿಡಿದು ನಿಲ್ಲಿಸುತ್ತದೆ. ಭಟ್ಟರ ಮನೆಯಲ್ಲಿ ಅದು ನಡೆಯುವಂತಿರಲಿಲ್ಲ. ಅಂದರೆ ಅಲ್ಲಿನ ಹೂವು ಬರೀ ಬೆಳಕು ತಿಂದು ಬದುಕಬೇಕು. ದೀಪದಲ್ಲಿ ಒಂದಿಷ್ಟು ಹೆಚ್ಚುಕಡಿಮೆಯಾದರೆ ಹಿಡಿಯಲು ಬೇರೆ ಕೊಂಬೆಯಿಲ್ಲ.

ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತು. ಟ್ಯೂಬುಗಳಿಂದ ಆರಂಭಿಸಿ, ನಿಧಾನವಾಗಿ ಹೆಚ್ಚಿಸಿ, ಹೂವು ಒಂದು ಕಲ್ಲಿನ ಸಂದಿಯಲ್ಲಿ ಪಾದ ಊರಿದ ಮೇಲೆ ಸಣ್ಣದೊಂದು ಮೆಟಲ್ ಹಾಲೈಡ್ ತೂಗಿಸಿದೆ. ಭಟ್ಟರು ಹೋಟೆಲಿನಿಂದ ಬಂದವರೇ ಕಾಲು ತೊಳೆದು ಅದರ ಮುಂದೆ ಕೂರುತ್ತಿದ್ದರು. 'ಎಂತ ಚಂದ ಮಾರಾಯ! ದಿನಾ ಇಷ್ಟು ಜನಕ್ಕೆ ಬಡಿಸ್ತೇನೆ, ಒಬ್ಬ ಕೊತ್ತಂಬರಿ ಕಮ್ಮಿ ಅಂತಾನೆ, ಒಬ್ಬ ಖಾರ ಜಾಸ್ತಿ ಅಂತಾನೆ. ಇದೊಂದು ಏನೂ ಅನ್ನದೆ ಅರಳ್ತದೆ' ಎನ್ನುತ್ತಿದ್ದರು. ಯಶೋದಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದರು. ಅವರಿಗೆ ಇದು ಹಿಡಿಸುವುದಿಲ್ಲ ಎಂದು ನಾನು ತಿಳಿದುಕೊಂಡಿದ್ದೆ.

ಆಮೇಲೆ ಲೋಡ್ ಶೆಡ್ಡಿಂಗ್ ಬಂತು. ಡೊಂಬಿವಲಿ, ಕಲ್ಯಾಣದವರಿಗೆ ಆ ವರ್ಷಗಳ ನೆನಪು ಇದ್ದೇ ಇರುತ್ತದೆ. ಹಗಲು ಹೊತ್ತು ಗಂಟೆಗಟ್ಟಲೆ ಕರೆಂಟ್ ಇಲ್ಲ. ಪಂಪನ್ನು ಇನ್ವರ್ಟರಿನಲ್ಲಿ ಓಡಿಸಬಹುದು, ಮೆಟಲ್ ಹಾಲೈಡ್ ಓಡಿಸಲಾಗದು, ಅಷ್ಟು ಎಳೆಯುತ್ತದೆ. ಹೂವು ಕುಗ್ಗತೊಡಗಿತು. ನಾನು ಭಟ್ಟರನ್ನು ಗ್ಯಾಲರಿಗೆ ಕರೆದು, ತಗ್ಗಿದ ದನಿಯಲ್ಲಿ, 'ಒಂದು ಸಣ್ಣ ಚೂರು, ವಾರಕ್ಕೊಮ್ಮೆ. ನಾನೇ ತಂದು ಹಾಕಿ ಹೋಗ್ತೇನೆ' ಎಂದೆ.

'ಅವಳಿಗೆ ಗೊತ್ತಾದರೆ ಈ ಮನೆಯಲ್ಲಿ ನೀರೂ ಕುಡಿಯಲಿಕ್ಕಿಲ್ಲ' ಎಂದರು ಭಟ್ಟರು. 'ಅವಳ ಮನಸ್ಸು ನೋಯಿಸಿ ನನಗೆ ಚಂದ ನೋಡುವುದು ಬೇಡ. ನೀನು ಬೆಳಕಿನಲ್ಲೇ ಏನಾದರೂ ಮಾಡು.'

ಕದ್ದು ಹಾಕಬಹುದಿತ್ತು. ಹಾಗೆ ಮಾಡುವವರೂ ಇದ್ದರು. ಆದರೆ ಒಂದು ಮನೆಯ ನಡವಳಿಕೆಯನ್ನು ಅವರ ಬೆನ್ನ ಹಿಂದೆ ಮುರಿಯುವುದು ನನ್ನಿಂದ ಆಗಲಿಲ್ಲ. ಅದಕ್ಕೆ ಈಗಲೂ ನನಗೆ ಪಶ್ಚಾತ್ತಾಪವಿಲ್ಲ. ಹಗಲು ಹೋದ ಬೆಳಕನ್ನು ಸಂಜೆಗೆ ಎಳೆದೆ. ಕರೆಂಟ್ ಬಂದ ಕೂಡಲೇ ಜೋರು ದೀಪ, ಮಲಗುವ ಹೊತ್ತಿನವರೆಗೂ. ಹೂವು ಚೇತರಿಸಿಕೊಂಡಿತು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಭಟ್ಟರ ಕಣ್ಣಿಗೆ ಕಾಯಿಲೆ ಇಳಿದದ್ದು ಅದರ ನಂತರ. ಲೇಸರ್ ಮಾಡಿಸಿದರು. ಇದ್ದ ನೋಟ ಸ್ವಲ್ಪ ಕಾಲ ನಿಂತಿತು, ಆದರೆ ಜೋರು ಬೆಳಕು ಸೂಜಿಯಿಂದ ಚುಚ್ಚಿದ ಹಾಗೆ ಆಗುತ್ತಿತ್ತಂತೆ. ಮೆಟಲ್ ಹಾಲೈಡ್ ಎದುರು ಕೂತು ಕಣ್ಣಿಗೆ ಟವೆಲು ಅಡ್ಡ ಹಿಡಿದು ಬೆರಳ ಸಂದಿಯಿಂದ ಹೂವು ನೋಡುತ್ತಿದ್ದರು. ಅವರಿಗೆ ಹಿತವಾಗಿ ಕಾಣುತ್ತಿದ್ದದ್ದು ಮೆತ್ತಗಿನ, ಸ್ವಲ್ಪ ಹಳದಿ ಕಲೆತ ಬೆಳಕಿನಲ್ಲಿ. ಮನೆ ದೇವರ ಮುಂದಿನ ಹಳೆಯ ಬಲ್ಬಿನ ಬೆಳಕು ಇರುತ್ತದಲ್ಲ, ಅಂಥದ್ದು. ಹೂವಿನ ಮಟ್ಟಿಗೆ ಅದು ಊಟವೇ ಅಲ್ಲ, ನೀರುಮಜ್ಜಿಗೆ.

ಆ ಹೊತ್ತಿಗೆ ಎಲ್‌ಇಡಿ ಬಂದಿತ್ತು. ಕಾವಿಲ್ಲ, ಕರೆಂಟ್ ಕಡಿಮೆ, ಇನ್ವರ್ಟರಿನಲ್ಲೂ ಓಡುತ್ತದೆ. ನಮಗೆಲ್ಲ ಹಬ್ಬವೇ ಆಯಿತು. ಎಲ್ಲರಿಗೂ ನೀಲಿ ಬೆಳಕಿನ ಹುಚ್ಚು. ನೀಲಿ ಹಾಕಿದರೆ ಹವಳ, ಹೂವು ಒಳಗಿನಿಂದಲೇ ಹೊಳೆಯುತ್ತವೆ. ನಾನು ಹೆಮ್ಮೆಯಿಂದ ಭಟ್ಟರಿಗೆ ಒಂದು ತಂದು ಹಾಕಿದೆ. ಹೂವಿನ ತುದಿಗಳು ಹಸಿರಾಗಿ ಮಿನುಗಿದವು. ಯಶೋದಮ್ಮ ಬಾಗಿಲಲ್ಲೇ 'ಅಬ್ಬಾ!' ಎಂದರು. ನಾನು ಭಟ್ಟರ ಮುಖ ನೋಡಿದೆ.

'ಹೇಗುಂಟು ಭಟ್ರೇ?'

'ಹೊಗೆ ಹಾಕಿದ ಹಾಗೆ ಕಾಣ್ತದೆ' ಎಂದರು. 'ನೀವಿಬ್ಬರು ಎಂತ ನೋಡ್ತಾ ಇದ್ದೀರಿ ಅಂತ ನನಗೆ ಗೊತ್ತಾಗ್ಲಿಲ್ಲ.'

ಅಲ್ಲಿಂದ ಎರಡು ಸ್ವಿಚ್ಚಿನ ಏರ್ಪಾಡು ಮಾಡಿದೆ. ಭಟ್ಟರು ಹೋಟೆಲಿಗೆ ಹೋದ ಮೇಲೆ ಹೂವಿಗೆ ಬೇಕಾದ ಜೋರು ಬೆಳಕು. ಅವರು ಬಂದ ಮೇಲೆ ಅವರಿಗೆ ಬೇಕಾದ ಮೆತ್ತಗಿನದು. ಕೆಲವು ಕಾಲ ಇಬ್ಬರೂ ಹೊಂದಿಕೊಂಡು ಹೋದರು. ಈ ವ್ಯವಸ್ಥೆ ಬೇಕಾದರೆ ನೀವು ಕಲಿತುಕೊಳ್ಳಿ, ಕೆಟ್ಟದ್ದಲ್ಲ. ಕೆಟ್ಟದ್ದಾದದ್ದು ಭಟ್ಟರಿಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರಲಾಗದೆ ಹೋದಾಗ. ನೋಟಿನ ಗುರುತು ಸಿಗದಾದ ಮೇಲೆ ಅವರು ಹೋಟೆಲನ್ನು ಬೇರೆಯವರಿಗೆ ನಡೆಸಲು ಕೊಟ್ಟು ಮನೆಯಲ್ಲೇ ಉಳಿದರು. ಹಗಲಿಡೀ ತೊಟ್ಟಿಯ ಮುಂದಿನ ಕುರ್ಚಿ. ರಾತ್ರಿ ಜೋರು ದೀಪ ಉರಿಸೋಣವೆಂದರೆ ಗಂಡ, ಹೆಂಡತಿ ಮಲಗುತ್ತಿದ್ದದ್ದೂ ತೊಟ್ಟಿ ಇದ್ದ ಅದೇ ಕೋಣೆಯಲ್ಲಿ.

ಒಂದು ದಿನ ನಾನು ಗಾಜು ಒರೆಸುತ್ತಿದ್ದಾಗ ಭಟ್ಟರು ನನ್ನ ಕೈ ಹಿಡಿದುಕೊಂಡರು. 'ಸದಾನಂದ, ಡಾಕ್ಟರ್ರು ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ನನಗೆ ಗೊತ್ತುಂಟು. ಇನ್ನು ಸ್ವಲ್ಪ ಸಮಯ. ಅಷ್ಟು ದಿನ ಅದನ್ನು ನನಗೆ ನೋಡ್ಲಿಕ್ಕೆ ಬಿಡು. ಆ ಜೋರು ಲೈಟ್ ಕಡಿಮೆ ಮಾಡು.'

'ಅದಕ್ಕೆ ಊಟ ಸಾಲುವುದಿಲ್ಲ ಭಟ್ರೇ.'

'ಸ್ವಲ್ಪ ದಿನ ತಡೆದುಕೊಳ್ಳುವುದಿಲ್ಲವಾ?'

ಬಗ್ಗಿ, ಮತ್ತೆ ಮೆಲ್ಲಗೆ ಹೇಳಿದೆ, 'ಸಿಗಡಿಯ ಚೂರು ಹಾಕಿದರೆ ತಡೆದುಕೊಳ್ತದೆ. ನಿಮಗೆ ಬೇಕಾದ ಬೆಳಕು ಇಡೀ ದಿನ ಇಡಬಹುದು. ಅಮ್ಮನನ್ನು ಒಂದು ಮಾತು ಕೇಳಿ ನೋಡ್ಲಾ?'

ಭಟ್ಟರು ಕೈ ಬಿಟ್ಟರು. 'ಬೇಡ. ಕುರುಡನ ಸೇವೆ ಮಾಡಿ ಮಾಡಿ ಅವಳಿಗೆ ಸಾಕಾಗಿದೆ. ಈಗ ಅವಳ ವ್ರತವನ್ನೂ ಕೆಡಿಸುವುದಾ? ಕೇಳಬೇಡ, ನನ್ನ ಮೇಲೆ ಆಣೆ.'

ಆಣೆ ಹಾಕಿದ ಮೇಲೆ ನಾನು ಅಮ್ಮನನ್ನು ಕೇಳುವ ಯೋಚನೆ ಬಿಟ್ಟೆ. ಜೋರು ದೀಪದ ಹೊತ್ತನ್ನು ಕಡಿಮೆ ಮಾಡಿದೆ. ಮುಂದಿನ ಸಲ ಹೋದಾಗ ಅವರು ಮತ್ತೆ ಕೇಳಿದರೆಂದು ಇನ್ನಷ್ಟು ಕಡಿಮೆ ಮಾಡಿದೆ. ಭಟ್ಟರು ಆ ದಿನಗಳಲ್ಲಿ ಸಂತೋಷವಾಗಿದ್ದರು, ಅದನ್ನು ಹೇಳಲೇಬೇಕು. ಗಾಜಿಗೆ ಮುಖ ಹತ್ತಿರ ಮಾಡಿ, 'ಈಗ ಬೆರಳೆಲ್ಲ ಬೇರೆ ಬೇರೆ ಕಾಣ್ತದೆ' ಎನ್ನುತ್ತಿದ್ದರು. ಆದರೆ ಪ್ರತಿ ಸಲವೂ ಹೂವು ಹಿಂದಿನ ಸಲಕ್ಕಿಂತ ಚಿಕ್ಕದು. ತಟ್ಟೆಯಗಲವಿದ್ದದ್ದು ಬಟ್ಟಲಾಯಿತು. ಹಸಿರು ಹೋಗಿ ಅಕ್ಕಿ ತೊಳೆದ ನೀರಿನ ಬಣ್ಣ ಬಂತು. ಜೋಡಿ ಮೀನುಗಳಿಗೆ ಅದರೊಳಗೆ ಜಾಗ ಸಾಲದೆ ಪಕ್ಕದ ಕಲ್ಲಿಗೆ ಒರಗಿಕೊಂಡವು. ಹೂವು ಚಿಕ್ಕದಾಗುತ್ತಿರುವುದೋ ತಮ್ಮ ಕಣ್ಣು ಚಿಕ್ಕದಾಗುತ್ತಿರುವುದೋ ಭಟ್ಟರಿಗೆ ತಿಳಿಯಲಿಲ್ಲ, ನಾನೂ ತಿಳಿಸಲಿಲ್ಲ. ಠಾಣೆಗೆ ಹಿಂದಿರುಗುವ ಲೋಕಲ್ ರೈಲಿನಲ್ಲಿ ನಿಂತು, ಆಣೆ ಮುರಿದರೆ ಏನಾದೀತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಠಾಣೆ ಬರುವಷ್ಟರಲ್ಲಿ, ಅವರ ಮನೆ ವಿಚಾರ ನನಗೇಕೆ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿರುತ್ತಿದ್ದೆ.

ಒಂದು ಬೆಳಿಗ್ಗೆ ಯಶೋದಮ್ಮನ ಫೋನ್ ಬಂತು. ಅವರು ನನಗೆ ಫೋನ್ ಮಾಡಿದ್ದು ಅದೇ ಮೊದಲು. 'ನೀರು ವಾಸನೆ ಬರ್ತಾ ಉಂಟು. ಬೇಗ ಬನ್ನಿ.'

ಹೋದಾಗ ಹೂವು ಕರಗಿ ಲೋಳೆಯಾಗಿತ್ತು. ಸತ್ತ ಕಡಲ ಹೂವನ್ನು ಕೂಡಲೇ ತೆಗೆಯದಿದ್ದರೆ ನೀರೆಲ್ಲ ವಿಷವಾಗಿ ಮೀನುಗಳೂ ಹೋಗುತ್ತವೆ. ಸದ್ಯ, ಮೀನುಗಳು ಇನ್ನೂ ಜೀವ ಹಿಡಿದಿದ್ದವು. ಭಟ್ಟರು ಎಂದಿನಂತೆ ಕುರ್ಚಿಯಲ್ಲಿದ್ದರು. ಮೆತ್ತಗಿನ ದೀಪ ಉರಿಯುತ್ತಿತ್ತು. ಅವರ ಮುಖ ಮಾತ್ರ ತೊಟ್ಟಿಯ ಕಡೆಗಿರಲಿಲ್ಲ, ಸ್ವಲ್ಪ ಪಕ್ಕಕ್ಕೆ, ಗೋಡೆಯ ಕಡೆ ತಿರುಗಿತ್ತು. ನನಗೆ ಅರ್ಥವಾಯಿತು. ಸುಮ್ಮನೆ ಬಲೆ ಹಾಕಿ ಲೋಳೆಯನ್ನು ಎತ್ತಿದೆ, ಅರ್ಧ ನೀರು ಬದಲಿಸಿದೆ, ಬಕೆಟ್ ಹಿಡಿದು ಗ್ಯಾಲರಿಗೆ ಬಂದೆ.

ಯಶೋದಮ್ಮ ಹಿಂದೆಯೇ ಬಂದರು. ಈ ಸಲ ಬಾಗಿಲು ಎಳೆದುಕೊಳ್ಳಲು ನನಗೆ ಹೊಳೆಯಲಿಲ್ಲ.

'ಅದಕ್ಕೆಂತ ಆಯ್ತು? ನಿಜ ಹೇಳಿ.'

'ಬೆಳಕು ಸಾಲಲಿಲ್ಲಮ್ಮ.'

'ಅವರಿಗೋಸ್ಕರ ಕಡಿಮೆ ಮಾಡಿದಿರಿ, ಅದು ನನಗೆ ಗೊತ್ತುಂಟು. ಬೇರೆ ದಾರಿಯೇ ಇರ್ಲಿಲ್ವಾ?'

ಬಕೆಟ್ಟಿನಲ್ಲಿ ಸತ್ತು ಬಿದ್ದಿದ್ದರ ಎದುರು ಆಣೆಗೆ ಇನ್ನೇನು ಬೆಲೆ? ಹೇಳಿಬಿಟ್ಟೆ. 'ಒಂದು ಚೂರು ಸಿಗಡಿ ಹಾಕ್ತಾ ಇದ್ದಿದ್ದರೆ ಬದುಕ್ತಿತ್ತು. ನಿಮ್ಮ ಮಡಿಗೆ ಆಗ್ಲಿಕ್ಕಿಲ್ಲ ಅಂತ...'

ಯಶೋದಮ್ಮ ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, 'ಕಣ್ಣಿನ ಡಾಕ್ಟರ್ರು ಮೀನೆಣ್ಣೆಯ ಗುಳಿಗೆ ಬರೆದುಕೊಟ್ಟಿದ್ದಾರೆ. ಎಷ್ಟೋ ಸಮಯದಿಂದ ನಾನೇ ಕೊಡ್ತಾ ಇದ್ದೇನೆ, ಇದೇ ಕೈಯಲ್ಲಿ. ಶಕ್ತಿಯ ಮಾತ್ರೆ ಅಂತ ಅವರಿಗೆ ಸುಳ್ಳು ಹೇಳಿ. ಅವರ ಕಣ್ಣಿಗೆ ಅಂತ ಅದನ್ನು ಮುಟ್ಟಿದವಳು, ಅವರ ಕಣ್ಣಿಗೆ ಅಂತಲೇ ಒಂದು ಚೂರು ಸಿಗಡಿ ಮುಟ್ಟುತ್ತಿರಲಿಲ್ಲವಾ? ನನ್ನನ್ನು ಯಾರಾದರೂ ಒಂದು ಮಾತು ಕೇಳಿದ್ರಾ?' ಎಂದರು.

ಉತ್ತರ ಬಂದದ್ದು ಒಳಗಿನ ಕುರ್ಚಿಯಿಂದ.

'ಮೀನೆಣ್ಣೆ ಅಂತ ನನಗೆ ಮೊದಲ ದಿನವೇ ಗೊತ್ತಾಗಿತ್ತು ಯಶೋದಾ. ತೇಗು ಬರುವುದಿಲ್ಲವಾ? ಇಷ್ಟು ವರ್ಷ ಲೋಕಲ್ಲಿನಲ್ಲಿ ಮೀನಿನ ಬುಟ್ಟಿಯ ಪಕ್ಕ ನಿಂತು ಓಡಾಡಿದ್ದೇನೆ. ಹೇಳಿದರೆ ನಿನಗೆ ಬೇಜಾರಾದೀತು ಅಂತ ಸುಮ್ಮನೆ ನುಂಗಿದೆ.'

ಹೊಸಬರೇ, ದೀಪ ಕಟ್ಟುವ ಮೊದಲು ತೊಟ್ಟಿಯ ಆಳ ನೋಡಿ, ಒಳಗೆ ಏನು ಬದುಕಬೇಕೆಂದು ನೋಡಿ, ಕರೆಂಟ್ ನೋಡಿ, ಕಾವು ನೋಡಿ. ಅದೆಲ್ಲ ಪ್ಯಾಕೆಟ್ಟಿನ ಮೇಲೆಯೇ ಬರೆದಿರುತ್ತದೆ. ಆ ಮನೆಯಲ್ಲಿ ಮಾತಾಡದೆ ಉಳಿದವರು ಯಾರು ಎಂದು ಅಲ್ಲಿ ಬರೆದಿರುವುದಿಲ್ಲ. ಅವರನ್ನು ಅಡುಗೆಮನೆಯ ಬಾಗಿಲಿನಿಂದ ಕರೆದು ಕೂರಿಸಿ ಕೇಳಿ. ಬೈಸಿಕೊಂಡರೂ ಪರವಾಗಿಲ್ಲ, ಕೇಳಿ. ನಾನು ಕೇಳದೇ ಉಳಿದದ್ದು ಮರ್ಯಾದೆ ಎಂದುಕೊಂಡಿದ್ದೆ. ಅದು ಬರೀ ಹೆದರಿಕೆ.

ಯಶೋದಮ್ಮ ಒಳಗೆ ಹೋಗಿ ಗಂಡನ ಕುರ್ಚಿಯ ಹಿಂದೆ ನಿಂತರು. 'ಸದಾನಂದ, ಇನ್ನೊಂದು ಹೂವು ತನ್ನಿ' ಎಂದರು ನನಗೆ. 'ಸಿಗಡಿ ನಾನು ಹಾಕ್ತೇನೆ. ಇವರಿಗೆ ಯಾವ ಲೈಟ್ ಹಿತವೋ ಅದನ್ನೇ ಇಡಿ, ಇಡೀ ದಿನ.'

ಭಟ್ಟರು ಗೋಡೆಯ ಕಡೆ ತಿರುಗಿದ್ದ ಮುಖವನ್ನು ಹೆಂಡತಿಯ ದನಿ ಬಂದ ಕಡೆಗೆ ತಿರುಗಿಸಿದರು.

'ಬೇಡ ಯಶೋದಾ. ಮೊನ್ನೆಯಿಂದ ನನಗೆ ಎಲ್ಲ ಲೈಟೂ ಒಂದೇ.'

ಯಶೋದಮ್ಮ ಅಳುತ್ತಿದ್ದರು. ಸದ್ದು ಮಾಡದೆ ಅಳುತ್ತಿದ್ದುದರಿಂದ ಅದೂ ಭಟ್ಟರಿಗೆ ಗೊತ್ತಾಗಲಿಲ್ಲ.